ಎಳೆಯ ಮಕ್ಕಳ ಹಗಲುನಿದ್ದೆ ಮತ್ತು ರಾತ್ರಿನಿದ್ದೆ

ಒಂದು ವರ್ಷ ತುಂಬಿದ ಮಗು ಮೂರಕ್ಕೆ ಕಾಲಿಡುವ ಹೊತ್ತಿಗೆ ಅದರ ನಿದ್ದೆಯ ಕ್ರಮ ಬಹಳಷ್ಟು ಬದಲಾಗಿರುತ್ತದೆ. ಮೊದಲ ಹುಟ್ಟುಹಬ್ಬದ ಸುಮಾರಿಗೆ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಲಗುತ್ತಿದ್ದ ಕೂಸು ಒಂದೂವರೆ ವರ್ಷದ ಹೊತ್ತಿಗೆ ಊಟವಾದ ಮೇಲಿನ ಒಂದೇ ನಿದ್ದೆಗೆ ಬಂದಿರುತ್ತದೆ. ರಾತ್ರಿ ಮತ್ತೆ ಮತ್ತೆ ಏಳುವುದು ಕಡಿಮೆಯಾಗಿ ನಿದ್ದೆ ಗಟ್ಟಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು–ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಈ ಲೆಕ್ಕದಲ್ಲಿ ಹಗಲಿನ ನಿದ್ದೆಯೂ ಸೇರಿದೆ. ರಾತ್ರಿ ಹತ್ತು ಗಂಟೆ, ಮಧ್ಯಾಹ್ನ ಎರಡು ಗಂಟೆ ಮಲಗುವ ಮಗುವಿಗೆ ಕೊರತೆಯೇನೂ ಇಲ್ಲ. ಹಗಲಿನದನ್ನೂ ರಾತ್ರಿಯದನ್ನೂ ಬೇರೆ ಬೇರೆಯಾಗಿ ಎಣಿಸಿ, ರಾತ್ರಿ ಬೇಗ ಮಲಗಲಿಲ್ಲವೆಂದು ಮಧ್ಯಾಹ್ನದ ನಿದ್ದೆಯನ್ನೇ ತಪ್ಪಿಸುವುದು ಮನೆಗಳಲ್ಲಿ ಹೆಚ್ಚಾಗಿ ಕಾಣುವ ಎಡವಟ್ಟು. ಎರಡು ವರ್ಷದೊಳಗಿನ ಮಗುವಿನಲ್ಲಿ ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ನಿದ್ದೆ ಬರುವ ಬಗೆ

ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮಂಡಿಸಿದ ವಿವರಣೆಯಂತೆ ನಿದ್ದೆಯನ್ನು ಎರಡು ವ್ಯವಸ್ಥೆಗಳು ಕೂಡಿ ನಡೆಸುತ್ತವೆ. ಒಂದು, ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಹೆಚ್ಚುತ್ತ ಹೋಗುವ ನಿದ್ದೆಯ ಒತ್ತಡ. ಇನ್ನೊಂದು, ಹಗಲು–ರಾತ್ರಿಗೆ ಹೊಂದಿಕೊಂಡು ನಡೆಯುವ ದೇಹದ ಗಡಿಯಾರ. ಎಳೆಯ ಮಕ್ಕಳಲ್ಲಿ ಒತ್ತಡ ದೊಡ್ಡವರಿಗಿಂತ ಬೇಗ ಏರುತ್ತದೆ. ಒಂದು ವರ್ಷದ ಮಗು ಮೂರು–ನಾಲ್ಕು ಗಂಟೆ ಆಡಿದರೆ ಸಾಕು, ಕಣ್ಣುಜ್ಜಿಕೊಳ್ಳುತ್ತದೆ; ಎರಡು ವರ್ಷದ್ದು ಐದಾರು ಗಂಟೆ ತಾಳುತ್ತದೆ. ಮಧ್ಯಾಹ್ನ ಮಲಗಿದಾಗ ಈ ಒತ್ತಡ ಇಳಿಯುತ್ತದೆ, ಎದ್ದ ಕ್ಷಣದಿಂದ ಮತ್ತೆ ಏರತೊಡಗುತ್ತದೆ. ಹೀಗಾಗಿ ಸಂಜೆ ಐದೂವರೆಗೆ ನಿದ್ದೆಯಿಂದೆದ್ದ ಮಗುವನ್ನು ಎಂಟೂವರೆಗೆ ತಟ್ಟಿ ಮಲಗಿಸಲು ಹೊರಟರೆ ಅದು ಹಾಸಿಗೆಯ ಮೇಲೆ ಕುಣಿಯುತ್ತದೆ. ಇದು ಹಟವಲ್ಲ, ಅದಕ್ಕೆ ನಿಜಕ್ಕೂ ನಿದ್ದೆ ಬಂದಿರುವುದಿಲ್ಲ. ಅದೇ ಮಗು ಮೂರಕ್ಕೆ ಎದ್ದಿದ್ದರೆ ಸಾಮಾನ್ಯವಾಗಿ ಎಂಟೂವರೆಗೆ ತಾನಾಗಿಯೇ ತೂಕಡಿಸುತ್ತದೆ. ಹಗಲುನಿದ್ದೆ ಬೇಕೋ ಬೇಡವೋ ಎಂದು ಯೋಚಿಸುವ ಬದಲು, ಅದು ಎಷ್ಟು ಗಂಟೆಗೆ ಮುಗಿಯುತ್ತದೆ ಎಂಬುದನ್ನು ನೋಡಬೇಕು.

ದೇಹದ ಗಡಿಯಾರವನ್ನು ತಿದ್ದುವುದು ಬೆಳಕು. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸಿ, ರಾತ್ರಿಯಾಯಿತೆಂಬ ಸಂದೇಶವನ್ನು ಮೈಗೆಲ್ಲ ಮುಟ್ಟಿಸುತ್ತದೆ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ಬೆಳಕು ದೊಡ್ಡವರಿಗಿಂತ ಹೆಚ್ಚಾಗಿ ಒಳಗಿಳಿಯುತ್ತದೆ. ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಮೂರರಿಂದ ಐದು ವರ್ಷದ ಕೆಲವೇ ಮಕ್ಕಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮುನ್ನ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಿದ ಮಕ್ಕಳಲ್ಲಿ ಮೆಲಟೋನಿನ್ ಶೇಕಡಾ 88ರಷ್ಟು ಕುಸಿದಿತ್ತು. ದೀಪ ಮಂದವಾದ ಮೇಲೂ ಅದು ತಕ್ಷಣ ಚೇತರಿಸಿಕೊಳ್ಳಲಿಲ್ಲ. ರಾತ್ರಿ ಒಂಬತ್ತರವರೆಗೆ ನಡುಮನೆಯ ಟ್ಯೂಬ್‌ಲೈಟು ಉರಿಯುತ್ತ, ಟೀವಿ ಓಡುತ್ತಿರುವ ಮನೆಯಲ್ಲಿ ಮಗುವಿಗೆ ನಿದ್ದೆ ಹತ್ತುವುದಿಲ್ಲವೆಂದರೆ ಮೊದಲು ನೋಡಬೇಕಾದದ್ದು ಆ ದೀಪದ ಕಡೆಗೆ.

ಈ ವಯಸ್ಸಿನಲ್ಲಿ ನಿದ್ದೆಯ ಒಂದು ಸುತ್ತು ಸುಮಾರು ಒಂದು ಗಂಟೆಯದು. ದೊಡ್ಡವರಲ್ಲಿ ಅದು ಒಂದೂವರೆ ಗಂಟೆ. ಪ್ರತಿ ಸುತ್ತಿನ ಕೊನೆಗೆ ಮಗು ಅರೆ ಎಚ್ಚರವಾಗಿ, ಹೊರಳಿ, ಮತ್ತೆ ಮಲಗುತ್ತದೆ. ಹೆಗಲ ಮೇಲೆ ನಿದ್ದೆ ಹೋದ ಮಗು ಈ ಅರೆ ಎಚ್ಚರದಲ್ಲಿ ಹೆಗಲನ್ನೇ ಹುಡುಕುತ್ತದೆ, ಎದೆಹಾಲು ಕುಡಿಯುತ್ತ ಮಲಗಿದ್ದು ಎದೆಯನ್ನೇ ಹುಡುಕುತ್ತದೆ. ನಿದ್ದೆಯ ಈ ಸುತ್ತುಗಳ ತಿಳಿವಳಿಕೆಗೆ ದಾರಿ ತೆರೆದದ್ದೂ ಮಕ್ಕಳೇ. ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮಲಗಿದ ಶಿಶುಗಳ ರೆಪ್ಪೆಯ ಚಲನೆ ಗಮನಿಸುತ್ತ ಆರಂಭಿಸಿದ ಕೆಲಸವೇ, 1953ರಲ್ಲಿ ನೇಥನಿಯಲ್ ಕ್ಲೀಟ್‌ಮನ್ ಜೊತೆ ಪ್ರಕಟಿಸಿದ ಕ್ಷಿಪ್ರ ಕಣ್ಚಲನೆಯ ನಿದ್ರೆಯ ಶೋಧಕ್ಕೆ ಮುಟ್ಟಿತು.

ರಾತ್ರಿಯ ಮೊದಲ ಮೂರನೆಯ ಒಂದು ಭಾಗ ಗಾಢನಿದ್ದೆಯದು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಆಗಲೇ. ಕೆಲವು ಮಕ್ಕಳು ಈ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಚೀರಿ ಎದ್ದು ಕೂರುತ್ತಾರೆ. ಕಣ್ಣು ತೆರೆದಿದ್ದರೂ ಅಮ್ಮನ ಗುರುತು ಹತ್ತುವುದಿಲ್ಲ. ದೃಷ್ಟಿ ತಾಗಿತೆಂದು ಉಪ್ಪು–ಮೆಣಸಿನಕಾಯಿ ನಿವಾಳಿಸುವ ರೂಢಿ ನಮ್ಮಲ್ಲಿದೆ. ನಿಜವಾಗಿ ಈ ಚೀರಾಟ ಗಾಢನಿದ್ದೆಯಿಂದ ಅರ್ಧ ಮಾತ್ರ ಎಚ್ಚರವಾದ ಸ್ಥಿತಿ, ಬೆಳಗ್ಗೆ ಮಗುವಿಗೆ ಇದರ ನೆನಪೇ ಇರುವುದಿಲ್ಲ. ಎಬ್ಬಿಸಲು ಹೋಗದೆ, ಬಿದ್ದು ಪೆಟ್ಟಾಗದಂತೆ ಪಕ್ಕದಲ್ಲಿದ್ದರೆ ಕೆಲವು ನಿಮಿಷಗಳಲ್ಲಿ ತಾನೇ ಮಲಗುತ್ತದೆ. ನಿದ್ದೆಗೆಟ್ಟ ದಿನಗಳಲ್ಲಿ ಇದು ಹೆಚ್ಚು. ಬೆಳಗಿನ ಜಾವದ ಕೆಟ್ಟ ಕನಸು ಬೇರೆ. ಆಗ ಮಗು ಪೂರ್ತಿ ಎಚ್ಚರಗೊಂಡು ತಬ್ಬಿಕೊಳ್ಳುತ್ತದೆ, ಅದನ್ನು ಸಮಾಧಾನಪಡಿಸಬೇಕು.

ಎರಡು ನಿದ್ದೆ ಒಂದಾಗುವ ಕಾಲ

ಹನ್ನೆರಡರಿಂದ ಹದಿನೆಂಟು ತಿಂಗಳ ನಡುವೆ ಬೆಳಗಿನ ನಿದ್ದೆ ಬಿಟ್ಟುಹೋಗುತ್ತದೆ. ಹತ್ತು ಗಂಟೆಗೆ ಮಲಗಿಸಿದರೆ ಮಲಗದು, ಅಥವಾ ಆಗ ಚೆನ್ನಾಗಿ ಮಲಗಿ ಮಧ್ಯಾಹ್ನ ಬೇಡವೆಂದು ಸಂಜೆ ಆರಕ್ಕೆ ರಚ್ಚೆ ಹಿಡಿಯುತ್ತದೆ. ಒಂದೆರಡು ದಿನ ಹೀಗಾದರೆ ಹಲ್ಲು ಬರುತ್ತಿರಬಹುದು, ನೆಗಡಿಯಿರಬಹುದು. ವಾರಗಟ್ಟಲೆ ಹೀಗೇ ನಡೆದರೆ ಬೆಳಗಿನ ನಿದ್ದೆಯನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಷ್ಟು ಮುಂದೆ ಸರಿಸುತ್ತ, ಕೊನೆಗೆ ಹನ್ನೆರಡರ ಊಟದ ನಂತರಕ್ಕೆ ತರಬಹುದು. ಈ ಕೆಲವು ವಾರ ಮಗುವಿಗೆ ಸಂಜೆ ಕಷ್ಟವಾಗುತ್ತದೆ, ಆದ್ದರಿಂದ ರಾತ್ರಿ ಅರ್ಧ ಗಂಟೆ ಮೊದಲೇ ಮಲಗಿಸುವುದು ಒಳ್ಳೆಯದು. ಒಂದು ದಿನ ಒಂದೇ ನಿದ್ದೆ, ಮರುದಿನ ಎರಡು ಎಂದಾದರೂ ಗಾಬರಿ ಬೇಡ. ಇದೇ ಕಾಲದಲ್ಲಿ ಅಮ್ಮನನ್ನು ಬಿಟ್ಟಿರಲಾರದ ಆತಂಕವೂ ಹೆಚ್ಚಿರುತ್ತದೆ. ಚೆನ್ನಾಗಿ ಮಲಗುತ್ತಿದ್ದ ಮಗು ಹದಿನೆಂಟನೆಯ ತಿಂಗಳಲ್ಲಿ ಮತ್ತೆ ರಾತ್ರಿ ಎದ್ದು ಅಳುವುದಕ್ಕೆ ಇದೂ ಒಂದು ಕಾರಣ.

ಹಗಲಿನ ನಿದ್ದೆ ಬರೀ ವಿಶ್ರಾಂತಿಯಲ್ಲ. ಅರಿಜೋನ ವಿಶ್ವವಿದ್ಯಾಲಯದ ರೆಬೆಕಾ ಗೊಮೆಜ್ ತಂಡ 2006ರಲ್ಲಿ ಹದಿನೈದು ತಿಂಗಳ ಮಕ್ಕಳಿಗೆ ಕೃತಕ ಭಾಷೆಯೊಂದರ ಪದಸರಣಿಗಳನ್ನು ಕೇಳಿಸಿತು. ಆಮೇಲೆ ಮಲಗಿದ ಮಕ್ಕಳು ಆ ಸರಣಿಗಳ ಹಿಂದಿನ ನಿಯಮವನ್ನು ಹೊಸ ಪದಗಳಿಗೂ ಅನ್ವಯಿಸಿಕೊಂಡರು. ಮಲಗದವರು ಕೇಳಿದ್ದನ್ನಷ್ಟೇ ನೆನಪಿಟ್ಟುಕೊಂಡರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ರೆಬೆಕಾ ಸ್ಪೆನ್ಸರ್ ತಂಡ 2013ರಲ್ಲಿ ಶಾಲಾಪೂರ್ವ ಮಕ್ಕಳಿಗೆ ಚಿತ್ರಗಳ ಜಾಗ ನೆನಪಿಡುವ ಆಟ ಆಡಿಸಿ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ: ದಿನವೂ ಮಧ್ಯಾಹ್ನ ಮಲಗುವ ರೂಢಿಯ ಮಗು ಒಂದು ದಿನ ಮಲಗದೆ ಹೋದರೆ ಮರೆತದ್ದು, ಆ ರಾತ್ರಿಯ ನಿದ್ದೆಯಿಂದಲೂ ಮರಳಲಿಲ್ಲ. ಭಾರತದ ಹಳೆಯ ವೈದ್ಯಶಾಸ್ತ್ರವೂ ಇದನ್ನು ಬೇರೆ ನೆಲೆಯಲ್ಲಿ ಗುರುತಿಸಿತ್ತು. ಹಗಲು ಮಲಗುವುದನ್ನು ಸಾಮಾನ್ಯವಾಗಿ ಒಪ್ಪದ ಚರಕಸಂಹಿತೆ, ಮಕ್ಕಳು, ಮುದುಕರು, ದುರ್ಬಲರಿಗೆ ಅದನ್ನು ಸ್ಪಷ್ಟವಾಗಿ ಅನುಮತಿಸುತ್ತದೆ.

ಎರಡು ವರ್ಷದ ನಂತರ ಚಿತ್ರ ಇಷ್ಟು ಸರಳವಲ್ಲ. ಆಸ್ಟ್ರೇಲಿಯದ ಕ್ಯಾರೆನ್ ಥಾರ್ಪ್ ಮತ್ತು ಸಂಗಡಿಗರು 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಎರಡು ದಾಟಿದ ಮೇಲೂ ಹಗಲು ಮಲಗುವ ಮಕ್ಕಳಿಗೆ ರಾತ್ರಿ ನಿದ್ದೆ ತಡವಾಗಿ ಬರುವುದೂ ಅದರ ಅವಧಿ ಕಡಿಮೆಯಾಗುವುದೂ ಕಂಡಿತು. ಹಗಲುನಿದ್ದೆಯನ್ನು ಒಂದು–ಒಂದೂವರೆ ಗಂಟೆಗೆ ಇಳಿಸುವ ಮಾತು ಬರುವುದು ಈ ವಯಸ್ಸಿನಲ್ಲಿ, ಅದಕ್ಕೆ ಮೊದಲಲ್ಲ.

ಮನೆಯ ರೂಢಿಗಳು

ಜೋಡಿ ಮಿಂಡೆಲ್ ಮತ್ತು ಅವಿ ಸಾದೆ ಮೊದಲಾದವರು 17 ದೇಶ–ಪ್ರದೇಶಗಳ ಮೂರು ವರ್ಷದೊಳಗಿನ 29 ಸಾವಿರಕ್ಕೂ ಹೆಚ್ಚು ಮಕ್ಕಳ ನಿದ್ದೆಯನ್ನು ಕುರಿತು ನಡೆಸಿದ ಸಮೀಕ್ಷೆ 2010ರಲ್ಲಿ ಹೊರಬಂತು. ಭಾರತವೂ ಅದರಲ್ಲಿತ್ತು. ಮಕ್ಕಳು ಮಲಗುವ ಸರಾಸರಿ ಹೊತ್ತು ನ್ಯೂಜಿಲೆಂಡಿನಲ್ಲಿ ರಾತ್ರಿ ಸುಮಾರು ಏಳೂವರೆ ಆಗಿದ್ದರೆ ಹಾಂಗ್‌ಕಾಂಗ್‌ನಲ್ಲಿ 10.17. ಏಷ್ಯದ ಮಕ್ಕಳು ತಡವಾಗಿ ಮಲಗುತ್ತಾರೆ, ಒಟ್ಟು ನಿದ್ದೆಯೂ ಕಡಿಮೆ, ಹೆಚ್ಚಿನವರು ತಂದೆತಾಯಿಯ ಕೋಣೆಯಲ್ಲೇ ಮಲಗುವವರು. ಅಪ್ಪ ಕೆಲಸದಿಂದ ಒಂಬತ್ತಕ್ಕೆ ಬಂದು, ಆಮೇಲೆ ಎಲ್ಲರ ಊಟವಾಗುವ ಬೆಂಗಳೂರಿನ ಮನೆಯಲ್ಲಿ ಮಗು ಹತ್ತೂವರೆಗೆ ಮಲಗುವುದು ಸಹಜ. ಬೆಳಗ್ಗೆ ಎಂಟೂವರೆಯವರೆಗೆ ಮಲಗಲು ಬಿಡುವಂತಿದ್ದರೆ ಅದರಲ್ಲಿ ದೊಡ್ಡ ತೊಂದರೆಯಿಲ್ಲ. ಏಳಕ್ಕೆ ಎಬ್ಬಿಸಿ ಡೇಕೇರ್‌ಗೆ ಒಯ್ಯಬೇಕಾದಾಗ ಮಾತ್ರ ನಿದ್ದೆ ನಿಜವಾಗಿ ಕಡಿಮೆ ಬೀಳುತ್ತದೆ. ಅಂಥ ಮನೆಯಲ್ಲಿ ಮಗುವಿನ ಊಟವನ್ನು ಏಳೂವರೆಗೆ ಮುಗಿಸಿ, ಅಪ್ಪನ ಜೊತೆಗಿನ ಆಟವನ್ನು ಬೆಳಗಿಗೆ ಇಟ್ಟುಕೊಳ್ಳುವುದು ವಾಸಿ.

ಅಮೆರಿಕದ ವೈದ್ಯ ರಿಚರ್ಡ್ ಫರ್ಬರ್ 1985ರ ಪುಸ್ತಕದಲ್ಲಿ ಹೇಳಿದ ಕ್ರಮ, ಮಗು ಅತ್ತರೂ ಸ್ವಲ್ಪ ಸ್ವಲ್ಪವೇ ಹೆಚ್ಚು ಹೊತ್ತು ಕಾದು ಹೋಗಿ ಸಂತೈಸುವುದು, ಪಶ್ಚಿಮದಲ್ಲಿ ಹೆಸರುವಾಸಿ. ಒಂದೇ ಕೋಣೆಯಲ್ಲಿ ಅಜ್ಜಿ–ತಾತನೂ ಮಲಗುವ ಮನೆಗೆ ಅದು ಹೊಂದುವುದು ಕಷ್ಟ, ಹೊಂದಿಸಲೇಬೇಕೆಂದೂ ಇಲ್ಲ. ಪ್ರತಿ ರಾತ್ರಿ ಒಂದೇ ಕ್ರಮದಲ್ಲಿ ಸ್ನಾನ, ಮೈ ತೀಡುವುದು, ಮೆಲುದನಿಯ ಹಾಡು, ಆಮೇಲೆ ದೀಪ ಆರಿಸುವುದು: ಇಷ್ಟನ್ನೇ ಪಾಲಿಸಿದ ತಾಯಂದಿರ ಮಕ್ಕಳು ಬೇಗ ನಿದ್ದೆ ಹೋದರು, ಕಡಿಮೆ ಸಲ ಎದ್ದರು ಎಂದು ಮಿಂಡೆಲ್ ತಂಡದ 2009ರ ಅಧ್ಯಯನ ತೋರಿಸಿತು. ಬಿಸಿನೀರು, ಎಣ್ಣೆ, ಜೋಗುಳ, ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಕಥೆಯ ಜಾಗಕ್ಕೆ ಮೊಬೈಲು ಬಾರದಂತೆ ನೋಡಿಕೊಂಡರೆ ಸಾಕು.

ಸೀರೆಯ ಜೋಲಿಯ ವಿಷಯದಲ್ಲಿ ಎಚ್ಚರ ಬೇಕು. ಎದ್ದು ನಿಲ್ಲಲು ಕಲಿತ ಮಗು ಅದರಿಂದ ಇಳಿಯಲು ಹೋಗಿ ಬೀಳಬಹುದು. ತಾನೇ ಜೀಕುತ್ತ ಸುತ್ತುವ ಅಕ್ಕ ಅಥವಾ ಅಣ್ಣನ ಕತ್ತಿಗೆ ಬಟ್ಟೆ ಬಿಗಿದು ಪ್ರಾಣ ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನಡೆಯುವ ಮಗುವಿಗೆ ನೆಲದ ಹಾಸಿಗೆಯೇ ಕ್ಷೇಮ. ಹಾಲಿನ ಬಾಟಲಿ ಬಾಯಲ್ಲಿಟ್ಟೇ ಮಲಗಿಸಿದರೆ ಮುಂಭಾಗದ ಹಾಲುಹಲ್ಲು ಹುಳುಕಾಗುತ್ತವೆ.

ನಿದ್ದೆ ಬರಿಸುವ ಮದ್ದು ಹಾಕುವ ಕೆಟ್ಟ ಚಾಳಿಗೆ ದೀರ್ಘ ಇತಿಹಾಸವಿದೆ. ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಕೂಸುಗಳಿಗೆ ಅಫೀಮಿನ ಗುಳಿಗೆ ಕೊಡುತ್ತಿದ್ದರು. ನೋಡಿಕೊಳ್ಳುವವರಿಲ್ಲದ ಬಡತನ ಅದರ ಹಿಂದಿತ್ತು. ಈಗ ಆ ಜಾಗದಲ್ಲಿ ನೆಗಡಿಯ ಸಿರಪ್ ಇದೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಹೇಳಿದೆ. ನಿದ್ದೆಗಾಗಿ ಯಾವ ಸಿರಪ್ಪನ್ನೂ ವೈದ್ಯರು ಬರೆದುಕೊಡದೆ ಮಗುವಿಗೆ ಹಾಕಕೂಡದು. ನಿದ್ದೆಗೆಡಲು ಕಾಯಿಲೆಯೂ ಕಾರಣವಾಗಿರಬಹುದು. ದಿನವೂ ಗೊರಕೆ ಹೊಡೆಯುವ, ಬಾಯಿ ತೆರೆದು ಉಸಿರಾಡುವ, ನಿದ್ದೆಯಲ್ಲಿ ಉಸಿರು ನಿಂತು ಬೆಚ್ಚಿಬೀಳುವ ಮಗುವಿಗೆ ಅಡಿನಾಯ್ಡ್ ಊದಿರಬಹುದು. ರಾತ್ರಿಯೆಲ್ಲ ಕಾಲು ಝಾಡಿಸುವ ಮಗುವಿಗೆ ಕಬ್ಬಿಣಾಂಶ ಕಡಿಮೆಯಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67 ಮಂದಿಗೆ ರಕ್ತಹೀನತೆ ಇತ್ತೆಂಬುದನ್ನು ನೆನೆದರೆ, ಇದನ್ನು ಪರೀಕ್ಷಿಸದೆ ಬಿಡುವುದು ಸರಿಯಲ್ಲ.

ಹಗಲುನಿದ್ದೆ ಬಿಡುವ ವಯಸ್ಸು ಮಗುವಿನಿಂದ ಮಗುವಿಗೆ ಬೇರೆ. 2020ರಲ್ಲಿ ಸ್ಯಾಲಿ ಸ್ಟೇಟನ್ ಮತ್ತು ಸಂಗಡಿಗರು ಕಲೆಹಾಕಿದ ಮಾಹಿತಿಯಂತೆ ಎರಡು ವರ್ಷಕ್ಕೆ ಮೊದಲು ಬಿಡುವವರು ಶೇಕಡಾ 2.5ಕ್ಕಿಂತ ಕಡಿಮೆ, ಐದರ ಹೊತ್ತಿಗೆ ಬಿಟ್ಟಿರುವವರು ಶೇಕಡಾ 94. ಈ ಮೂರು ವರ್ಷಗಳ ಅಂತರದಲ್ಲಿ ಅಂಗನವಾಡಿಯ ಒಂದೇ ಚಾಪೆಯ ಮೇಲೆ ಒಂದು ಮಗುವಿಗೆ ನಿದ್ದೆ ಬೇಕಿರುತ್ತದೆ, ಪಕ್ಕದ್ದಕ್ಕೆ ಬೇಡವಾಗಿರುತ್ತದೆ. ಬೇಕಾದ ಮಗುವಿಗೆ ಕತ್ತಲಿನ ಮೂಲೆಯೊಂದನ್ನು ಕೊಡಬೇಕು, ಬೇಡವಾದ ಮಗುವನ್ನು ಕಣ್ಣು ಮುಚ್ಚಿ ಬಿದ್ದಿರೆಂದು ಗದರಿಸದೆ ಪುಸ್ತಕವನ್ನೋ ಆಟಿಕೆಯನ್ನೋ ಕೊಟ್ಟು ಸದ್ದಿಲ್ಲದೆ ಆಡಲು ಬಿಡಬೇಕು.