ಉಪವಾಸವಲ್ಲದ ಉಪವಾಸ

1869ರ ಡಿಸೆಂಬರ್ ತಿಂಗಳು. ವೇಲ್ಸ್ ಪ್ರಾಂತದ ಹಳ್ಳಿಯೊಂದರ ರೈತನ ಮನೆಗೆ ಲಂಡನ್ನಿನ ಗೈಸ್ ಆಸ್ಪತ್ರೆಯಿಂದ ನಾಲ್ವರು ದಾದಿಯರು ಬಂದಿಳಿದರು. ಆ ಮನೆಯ ಮಗಳು, ಹನ್ನೆರಡು ವರ್ಷದ ಸಾರಾ ಜೇಕಬ್, ಎರಡು ವರ್ಷಗಳಿಂದ ಏನನ್ನೂ ತಿನ್ನದೆ ಬದುಕಿದ್ದಾಳೆಂಬ ಸುದ್ದಿ ಎಲ್ಲೆಡೆ ಹಬ್ಬಿತ್ತು. ಊರಿನ ಪಾದ್ರಿ ಅದನ್ನು ನಂಬಿ ಪತ್ರಿಕೆಗೂ ಬರೆದಿದ್ದರು. ದೂರದೂರದಿಂದ ಬಂದ ಜನ ಹಾಸಿಗೆಯಲ್ಲಿ ಮಲಗಿರುತ್ತಿದ್ದ ಹುಡುಗಿಯನ್ನು ಕಂಡು, ಕಾಸು ಕಾಣಿಕೆ ಇಟ್ಟು ಹೋಗುತ್ತಿದ್ದರು. ಇದು ಪವಾಡವೋ ಕಪಟವೋ ಎಂದು ಪತ್ತೆ ಮಾಡುವುದು ದಾದಿಯರಿಗೆ ವಹಿಸಿದ ಕೆಲಸ. ಹುಡುಗಿ ಕೇಳಿದರೆ ಆಹಾರ ಕೊಡಬಹುದಿತ್ತು. ಕೇಳದಿದ್ದರೆ ನೋಡುತ್ತ ಕೂರಬೇಕಿತ್ತು. ಹಗಲಿರುಳು ಕಾವಲು ನಡೆಯಿತು. ಹುಡುಗಿ ಕೇಳಲಿಲ್ಲ. ಡಿಸೆಂಬರ್ 17ರಂದು ಅವಳು ತೀರಿಕೊಂಡಳು. ಮರುವರ್ಷ ನ್ಯಾಯಾಲಯ ತಂದೆಗೆ ಒಂದು ವರ್ಷ, ತಾಯಿಗೆ ಆರು ತಿಂಗಳು ಸಜೆ ವಿಧಿಸಿತು.

ಸಾರಾಳಿಗೆ ಇಂದಿನ ಯಾವುದೋ ರೋಗದ ಹೆಸರನ್ನು ಅಂಟಿಸುವುದು ಸರಿಯಲ್ಲ. ಆದರೆ ಅವಳ ಕಥೆ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ಊಟ ಬಿಟ್ಟ ಜೀವವೊಂದು ಕಣ್ಣೆದುರಿಗಿದ್ದರೂ ಆಯಾ ಕಾಲದ ಜನ ಅದರಲ್ಲಿ ತಮಗೆ ಬೇಕಾದುದನ್ನೇ ಕಾಣುತ್ತಾರೆ. ಹದಿನಾಲ್ಕನೆಯ ಶತಮಾನದ ಇಟಲಿಯಲ್ಲಿ ಸಿಯೆನಾದ ಕ್ಯಾಥರೀನಳ ನಿರಾಹಾರ ದೈವಭಕ್ತಿಯಾಗಿ ಕಂಡಿತು. ಆಕೆ 1380ರಲ್ಲಿ, 33ನೆಯ ವಯಸ್ಸಿನಲ್ಲಿ ಸತ್ತಳು, ಮುಂದೆ ಸಂತಳೆನಿಸಿದಳು. ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲಿ ಕ್ಷಯವನ್ನು ಕುರಿತು ಗ್ರಂಥ ಬರೆದಾಗ, ಜ್ವರ ಕೆಮ್ಮು ಇಲ್ಲದೆಯೇ ಕೃಶರಾಗಿದ್ದ ಇಬ್ಬರನ್ನು ವಿವರಿಸಿದ. ಮನಸ್ಸಿನ ಕಾರಣದಿಂದ ಬಂದ ಕ್ಷಯವಿದು ಎಂಬುದು ಅವನ ಊಹೆ. ಅವರಿಬ್ಬರಲ್ಲಿ ಒಬ್ಬ ಹುಡುಗ ಎಂಬುದನ್ನು ಗಮನಿಸಬೇಕು. ಇದು ಹೆಣ್ಣುಮಕ್ಕಳಲ್ಲೇ ಹೆಚ್ಚಾದರೂ, ಅವರಿಗಷ್ಟೇ ಮೀಸಲಾದ ಕಾಯಿಲೆಯಲ್ಲ.

ಇದನ್ನು ಒಂದು ಪ್ರತ್ಯೇಕ ರೋಗವೆಂದು ಗುರುತಿಸಿದವರಲ್ಲಿ ಪ್ರಮುಖನಾದ ವಿಲಿಯಂ ಗಲ್ ಕೂಡ ಗೈಸ್ ಆಸ್ಪತ್ರೆಯ ವೈದ್ಯನೇ. ಸಾರಾ ಸತ್ತ ನಾಲ್ಕೇ ವರ್ಷಕ್ಕೆ, 1873ರಲ್ಲಿ, ಆತ ಅದನ್ನು 'ಅನೊರೆಕ್ಸಿಯಾ ನರ್ವೋಸಾ' ಎಂದು ಕರೆದ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ಲಾಸೆಗ್ ಎಂಬ ವೈದ್ಯ ಸ್ವತಂತ್ರವಾಗಿ ಇದೇ ಕಾಯಿಲೆಯನ್ನು ವರ್ಣಿಸಿದ. ಅನೊರೆಕ್ಸಿಯಾ ಎಂದರೆ ಹಸಿವಿಲ್ಲದಿರುವಿಕೆ. ವಾಸ್ತವದಲ್ಲಿ ಈ ರೋಗಿಗೆ ಹಸಿವು ಸತ್ತಿರುವುದಿಲ್ಲ. ದಪ್ಪಗಾಗುವ ಭಯ ಹಸಿವನ್ನು ಮೆಟ್ಟಿ ನಿಂತಿರುತ್ತದೆ. ಗಲ್ ತನ್ನ ರೋಗಿಯೊಬ್ಬಳಲ್ಲಿ ಕಂಡು ದಾಖಲಿಸಿದ ಚಿಹ್ನೆಗಳು ಇಂದಿಗೂ ಹಳತಾಗಿಲ್ಲ: ವಿಪರೀತ ಕೃಶತೆ, ನಿಂತುಹೋದ ಮುಟ್ಟು, ನಿಧಾನವಾದ ನಾಡಿ, ಇಷ್ಟಾದರೂ ಕುಳಿತಲ್ಲಿ ಕೂರಲಾರದ ಚಡಪಡಿಕೆ. ಲಾಸೆಗ್ ಮನೆಯವರನ್ನೂ ಗಮನಿಸಿದ. ಅವರಿಗೆ ಗೊತ್ತಿದ್ದುದು ಎರಡೇ ಉಪಾಯ, ಗೋಗರೆಯುವುದು ಇಲ್ಲವೇ ಗದರಿಸುವುದು. ಎರಡೂ ಫಲಿಸುತ್ತಿರಲಿಲ್ಲ.

ಮುಂದೆ ನೂರು ವರ್ಷ ಇದು ಬಹುಮಟ್ಟಿಗೆ ವೈದ್ಯಗ್ರಂಥಗಳಲ್ಲೇ ಉಳಿಯಿತು. 1983ರಲ್ಲಿ ಅಮೆರಿಕದ ಜನಪ್ರಿಯ ಗಾಯಕಿ ಕರೆನ್ ಕಾರ್ಪೆಂಟರ್ ಈ ರೋಗದ ಪರಿಣಾಮವಾಗಿ 32ನೆಯ ವಯಸ್ಸಿಗೇ ತೀರಿಕೊಂಡಾಗ ಜನಸಾಮಾನ್ಯರೂ ಬೆಚ್ಚಿಬಿದ್ದರು. ಅದಕ್ಕೂ ಮೊದಲೇ, 1979ರಲ್ಲಿ, ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 30 ರೋಗಿಗಳನ್ನು ಪರೀಕ್ಷಿಸಿ 'ಬುಲಿಮಿಯಾ ನರ್ವೋಸಾ' ಎಂಬ ಇನ್ನೊಂದು ಬಗೆಯನ್ನು ವಿವರಿಸಿದ್ದ. ಇದರಲ್ಲಿ ರೋಗಿ ತಡೆಯಲಾರದೆ ಅತಿಯಾಗಿ ತಿಂದು, ಆಮೇಲೆ ಹೆದರಿ ವಾಂತಿ ಮಾಡಿಕೊಳ್ಳುವುದುಂಟು. ತೂಕ ಸಾಮಾನ್ಯವಾಗಿಯೇ ಇರಬಹುದಾದ್ದರಿಂದ ಯಾರಿಗೂ ಅನುಮಾನ ಬಾರದು. ಹೀಗೆ ಹೊರಹಾಕದೆ, ಬರಿದೇ ಅತಿಯಾಗಿ ತಿಂದು ಒಳಗೇ ನಾಚಿ ನರಳುವ ಮೂರನೆಯ ಬಗೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಸ್ಥಾನ ದೊರೆತದ್ದು 2013ರಲ್ಲಿ.

ಉಪವಾಸ ನಮಗೇನೂ ಹೊಸದಲ್ಲ. ಆದರೆ ನಮ್ಮ ಏಕಾದಶಿಗೆ ದ್ವಾದಶಿಯ ಪಾರಣೆ ಇದೆ. ವ್ರತಕ್ಕೆ ಆದಿಯೂ ಉಂಟು, ಅಂತ್ಯವೂ ಉಂಟು. ಕಾಯಿಲೆಯ ಉಪವಾಸಕ್ಕೆ ಪಾರಣೆ ಇಲ್ಲ. ವ್ರತ, ಡಯಟ್, ಹೊಟ್ಟೆನೋವು, 'ಹಾಸ್ಟೆಲಿನಲ್ಲೇ ಊಟವಾಯಿತು' ಎಂದು ನೆಪಗಳು ಬದಲಾಗುತ್ತವೆ, ತಟ್ಟೆ ಮಾತ್ರ ಹಾಗೆಯೇ ಉಳಿಯುತ್ತದೆ.

ಹಾಗಾದರೆ ಮನೆಯವರು ಗಮನಿಸಬೇಕಾದದ್ದೇನು? ಎಲ್ಲರೊಡನೆ ಪಂಕ್ತಿಯಲ್ಲಿ ಕೂರುವುದನ್ನು ತಪ್ಪಿಸಿಕೊಳ್ಳುವುದು, ಇತರರಿಗೆ ಬಡಿಸಿ ತಾನು ತಿನ್ನದಿರುವುದು, ಮತ್ತೆ ಮತ್ತೆ ತೂಕ ನೋಡಿಕೊಳ್ಳುವುದು, ಮೈ ಕಾಣದಂತೆ ದೊಗಳೆ ಬಟ್ಟೆ ತೊಡುವುದು, ಸದಾ ಚಳಿ ಎನ್ನುವುದು, ಮುಟ್ಟು ನಿಲ್ಲುವುದು. ಊಟವಾದೊಡನೆ ಬಚ್ಚಲುಮನೆ ಸೇರುವುದು, ಕೆನ್ನೆಯ ಬುಡ ಊದಿಕೊಳ್ಳುವುದು, ಹಲ್ಲು ಸವೆಯುವುದು, ಬಚ್ಚಿಟ್ಟ ತಿಂಡಿ ಒಮ್ಮೆಲೇ ಖಾಲಿಯಾಗುವುದು. ಇವುಗಳಲ್ಲಿ ಯಾವುದೋ ಒಂದು ಕಂಡ ಮಾತ್ರಕ್ಕೆ ಗಾಬರಿ ಬೇಡ. ಹಲವು ಕೂಡಿಬಂದರೆ ತಡ ಮಾಡುವುದೂ ಬೇಡ. ತಲೆಸುತ್ತಿ ಬೀಳುವುದು, ಎದೆಬಡಿತದ ಏರುಪೇರು ಕಂಡರಂತೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ರೋಗಗಳು ಹೃದಯವನ್ನೇ ಕೆಡಿಸಬಲ್ಲವು.

ರೋಗಿಯ ಆರೈಕೆಗೆ ಬಂಧುಗಳು ತಕ್ಕವರಲ್ಲ ಎಂದು ಗಲ್ ಬರೆದಿದ್ದ. ಇಂದಿನ ವೈದ್ಯಕೀಯ ಆ ಮಾತನ್ನು ಬಿಟ್ಟುಕೊಟ್ಟಿದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಚಿಕಿತ್ಸಾಕ್ರಮದಲ್ಲಿ, ಎಳೆಯ ರೋಗಿಗಳಿಗೆ ಮತ್ತೆ ಊಟ ರೂಢಿಸುವ ಹೊಣೆ ತಂದೆತಾಯಿಯರದೇ; ವೈದ್ಯರು ಬೆನ್ನಿಗಿರುತ್ತಾರೆ. ನಮ್ಮಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರಲ್ಲಿ ಸಲಹೆ ಪಡೆಯಬಹುದು. 2022ರಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇಂದು ಊಟ ಬಿಟ್ಟ ಹುಡುಗಿಯನ್ನು ಯಾರೂ ಸಂತಳೆನ್ನುವುದಿಲ್ಲ. ಆದರೆ ಮದುವೆಮನೆಯಲ್ಲಿ ಸಿಕ್ಕ ನೆಂಟರು, 'ಎಷ್ಟು ಸಣ್ಣಗಾಗಿದ್ದೀಯೇ, ಈಗ ನೋಡು ಲಕ್ಷಣವಾಗಿ ಕಾಣುತ್ತೀ' ಎನ್ನುತ್ತಾರೆ. ಸಾರಾಳ ಹಾಸಿಗೆಯ ಬಳಿ ಇಟ್ಟುಹೋದ ಕಾಸಿಗೂ ಈ ಹೊಗಳಿಕೆಗೂ ಹೆಚ್ಚು ಅಂತರವಿಲ್ಲ. ಆ ಮಾತಿನ ಬದಲು 'ಊಟ ಸರಿಯಾಗಿ ಸೇರುತ್ತಿದೆಯೇನಮ್ಮ? ಮನಸ್ಸಿಗೇನಾದರೂ ಬೇಸರವೇ?' ಎಂದು ಪಕ್ಕಕ್ಕೆ ಕರೆದು ಕೇಳಿದರೆ, ಅದೇ ಚಿಕಿತ್ಸೆಯ ಮೊದಲ ಹೆಜ್ಜೆಯಾದೀತು.