ಕಾಳಿಗೆ ಎಷ್ಟು ವಯಸ್ಸಾಗಿತ್ತು?

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ನಾಯಿಯ ಕಲ್ಲಿದೆ. ಮೂಲತಃ ಮಂಡ್ಯ ಜಿಲ್ಲೆಯ ಆತಕೂರಿನದು, ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗ, ತನ್ನ ಬಂಟ ಮಣಲೇರನ ಶೌರ್ಯ ಮೆಚ್ಚಿ ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಅರಸನ ಬೇಟೆನಾಯಿ ಕಾಳಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಜೊತೆಗೇ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು, ಜಮೀನು ಬಿಟ್ಟರು. ಗುಡಿಯ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತಲೂ ಬರೆಸಿದರು.

ನಾಯಿಯ ಹೆಸರು, ಅದನ್ನು ಸಾಕಿದವನು, ಅದು ಸತ್ತ ರೀತಿ, ಎಲ್ಲವೂ ಆ ಕಲ್ಲಲ್ಲಿದೆ. ಇಲ್ಲದಿರುವುದು ಎರಡೇ: ಕಾಳಿ ಯಾವ ತಳಿ, ಅದಕ್ಕೆ ಎಷ್ಟು ವಯಸ್ಸು. ಇವತ್ತು ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲಿ ನಾಯಿ ಕಂಡ ತಕ್ಷಣ ನಾವು ಕೇಳುವುದು ಅವೇ ಎರಡು ಪ್ರಶ್ನೆ. "ಯಾವ ಬ್ರೀಡು? ಎಷ್ಟು ವರ್ಷ?" ಮೊದಲನೆಯದರ ಉತ್ತರ ಗೊತ್ತಾದರೆ ಎರಡನೆಯದು ಎಲ್ಲಿಯವರೆಗೆ ಹೋಗಬಹುದು ಅಂತ ಒಂದು ಅಂದಾಜು ಸಿಗುತ್ತದೆ. ಹೀಗಾಗಿದ್ದು ತೀರಾ ಹಳೆಯ ಕಥೆಯೇನಲ್ಲ.

ನಮ್ಮೂರು ಮದಕರಿಪುರ, ಚಿತ್ರದುರ್ಗದ ಪಕ್ಕ. ಹೆಸರಿನಲ್ಲೇ ಮದಕರಿ ಇದ್ದಾನೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿಯುವವರೆಗೆ ದುರ್ಗ ಆಳಿದ ನಾಯಕರು ಬೇಡರು, ಹಿರೀಕರ ಕಾಲದಿಂದ ಬೇಟೆ ಬಲ್ಲವರು. ಬೇಟೆಗೆ ನಾಯಿ ಬೇಕು. ಕುರಿ ಹಟ್ಟಿಗೂ ನಾಯಿ ಬೇಕು. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು, ಕುರಿ ಕಾಯುವುದು ನಿಲ್ಲಲಿಲ್ಲ. ನಮ್ಮ ಕಡೆಯ ಹಳ್ಳಿಗಳ ನಾಯಿಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಕರಿಯ, ಕೆಂಚ, ಬೆಳ್ಳ ಅಂತ ಬಣ್ಣ ಬೇರೆ ಬೇರೆ. ಅಳತೆ ಮಾತ್ರ ಹೆಚ್ಚುಕಡಿಮೆ ಒಂದೇ, 15ರಿಂದ 20 ಕೆಜಿ. ಅದಕ್ಕಿಂತ ಭಾರ ಇದ್ದರೆ ದುರ್ಗದ ಬಿಸಿಲಿನಲ್ಲಿ ಇಡೀ ದಿನ ಕುರಿ ಹಿಂದೆ ನಡೆಯೋಕೆ ಆಗಲ್ಲ, ಮಿಕ್ಕ ಮುದ್ದೆಯಲ್ಲಿ ಹೊಟ್ಟೆಯೂ ತುಂಬಲ್ಲ. ತೀರಾ ಸಣ್ಣದಾದರೆ ಚಿರತೆ, ತೋಳಗಳ ಮುಂದೆ ಉಳಿಯಲ್ಲ. ಯಾರೂ ಕೂತು ಇದನ್ನು ಡಿಸೈನ್ ಮಾಡಲಿಲ್ಲ. ಕೆಲಸ, ಬಿಸಿಲು, ಹಸಿವು ಸೇರಿ ಒಂದು ಅಳತೆಗೆ ತಂದು ನಿಲ್ಲಿಸಿದವು.

ಇಂಗ್ಲೆಂಡಿನಲ್ಲಿ 1859ರಲ್ಲಿ ನ್ಯೂಕ್ಯಾಸಲ್ ಎಂಬಲ್ಲಿ ನಾಯಿಗಳ ಪ್ರದರ್ಶನ ಶುರುವಾಯಿತು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಬಂತು. ಅಲ್ಲಿಂದ ಮುಂದೆ ನಾಯಿ ಏನು ಮಾಡುತ್ತದೆ ಅನ್ನುವುದಕ್ಕಿಂತ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಬಹುಮಾನ ಬರತೊಡಗಿತು. ಗ್ರೇಟ್ ಡೇನ್‌ನ ಪೂರ್ವಜರನ್ನೂ ಜರ್ಮನಿಯಲ್ಲಿ ಸಾಕಿದ್ದು ನಮ್ಮ ಕಾಳಿಯ ಹಾಗೆ ಕಾಡುಹಂದಿ ಬೇಟೆಗೇ. ಬೇಟೆ ಹೋಯಿತು, ಗಾತ್ರ ಉಳಿಯಿತು. ಜೊತೆಗೆ ವಂಶಾವಳಿ ಪುಸ್ತಕ ಬಂತು: ಅಪ್ಪ ಅಮ್ಮ ಇಬ್ಬರೂ ಪುಸ್ತಕದಲ್ಲಿದ್ದರೆ ಮಾತ್ರ ಮರಿ ಶುದ್ಧ ತಳಿ. ನಮ್ಮ ಫೀಲ್ಡಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಹೊರಗಿನ ಒಂದು ಸಾಲು ಕೋಡನ್ನೂ ಸೇರಿಸದೆ ಹಳೆಯದನ್ನೇ ಕಾಪಿ ಪೇಸ್ಟ್ ಮಾಡುತ್ತಾ ಹೋದರೆ ಹಳೆಯ ಬಗ್‌ಗಳೂ ಜೊತೆಗೇ ಬರುತ್ತವೆ. '777 ಚಾರ್ಲಿ' ಸಿನಿಮಾ ನೋಡಿ ಅತ್ತವರಿಗೆ ಇದು ನೆನಪಿರಬೇಕು. ಚಾರ್ಲಿಯ ಕಾಯಿಲೆಯ ಹಿಂದೆ ಇದ್ದದ್ದು ಇದೇ, ರಕ್ತಸಂಬಂಧದೊಳಗೇ ಮರಿ ಮಾಡಿಸುವ ದಂಧೆ.

ಈಗ ಗಾತ್ರದ ವಿಷಯಕ್ಕೆ ಬರೋಣ. ಪ್ರಾಣಿಲೋಕದಲ್ಲಿ ಸಾಮಾನ್ಯವಾಗಿ ದೊಡ್ಡದಕ್ಕೆ ಆಯುಷ್ಯ ಹೆಚ್ಚು. ಇಲಿ ಎರಡು ವರ್ಷ, ಆನೆ ಅರವತ್ತು. ನಾಯಿಗಳ ಒಳಗೆ ಮಾತ್ರ ಲೆಕ್ಕ ಉಲ್ಟಾ. ಸಣ್ಣ ತಳಿಗಳು 13, 14 ವರ್ಷ ಬಾಳಿದರೆ, ಗ್ರೇಟ್ ಡೇನ್ ಸಾಮಾನ್ಯವಾಗಿ 8ರಿಂದ 10ಕ್ಕೇ ಮುಗಿಸುತ್ತದೆ. 2013ರಲ್ಲಿ ವಿಜ್ಞಾನಿಗಳು 74 ತಳಿಗಳ ಐವತ್ತು ಸಾವಿರಕ್ಕೂ ಹೆಚ್ಚು ನಾಯಿಗಳ ಸಾವಿನ ದಾಖಲೆ ಜಾಲಾಡಿ ಲೆಕ್ಕ ಹಾಕಿದರು: ತೂಕ ಪ್ರತಿ 2 ಕೆಜಿ ಏರಿದಂತೆ ಆಯುಷ್ಯ ಸುಮಾರು ಒಂದು ತಿಂಗಳು ಇಳಿಯುತ್ತದೆ. ದೊಡ್ಡ ನಾಯಿಗೆ ಮುಪ್ಪು ಬೇಗ ಶುರುವಾಗುತ್ತದೆ ಅನ್ನುವುದಕ್ಕಿಂತ, ಶುರುವಾದ ಮುಪ್ಪು ಬೇಗ ಬೇಗ ಓಡುತ್ತದೆ ಅನ್ನುವುದೇ ಅವರಿಗೆ ಮುಖ್ಯವಾಗಿ ಕಂಡದ್ದು.

ಯಾಕೆ ಅನ್ನುವುದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಆದರೆ ಬೆಳವಣಿಗೆಯ ವೇಗ ನೋಡಿ. ಪೂಡಲ್ ಮರಿ ಮೊದಲ ವರ್ಷದಲ್ಲಿ ಹುಟ್ಟಿದ ತೂಕದ ಸುಮಾರು 20 ಪಟ್ಟು ಆಗುತ್ತದೆ, ತೋಳದ ಮರಿ 60 ಪಟ್ಟು, ಗ್ರೇಟ್ ಡೇನ್ 100 ಪಟ್ಟು. ಮನುಷ್ಯರ ಮಗು ಮೂರು ಪಟ್ಟು. ದೇಹಕ್ಕೆ ಬೆಳೆ ಬೆಳೆ ಅಂತ ಹೇಳುವ ಐಜಿಎಫ್-1 ಎಂಬ ಹಾರ್ಮೋನು ದೊಡ್ಡ ನಾಯಿಗಳಲ್ಲಿ ಹೆಚ್ಚು. ಸಣ್ಣ ತಳಿಗಳಲ್ಲೆಲ್ಲ ಈ ಜೀನಿನ ಒಂದೇ ಬಗೆಯ ರೂಪ ಇದೆ ಅಂತ 2007ರಲ್ಲಿ ಗೊತ್ತಾಯಿತು. 2022ರಲ್ಲಿ ಇನ್ನೊಂದು ಅಚ್ಚರಿ: ಸಣ್ಣ ಗಾತ್ರಕ್ಕೆ ಕಾರಣವಾಗುವ ಒಂದು ಬದಲಾವಣೆ 54,000 ವರ್ಷ ಹಿಂದಿನ ಸೈಬೀರಿಯಾದ ತೋಳದಲ್ಲೇ ಇತ್ತು. ಅಂದರೆ ಸಣ್ಣ ನಾಯಿಯ ಬೀಜ ನಾವು ಬಿತ್ತಿದ್ದಲ್ಲ, ಆರಿಸಿಕೊಂಡಿದ್ದಷ್ಟೇ ನಾವು.

ಹಾಗಂತ ಸಣ್ಣ ನಾಯಿ ತಂದರೆ ಸಾಕು ಅಂತಲ್ಲ. ಬ್ರಿಟನ್ನಿನ 5,84,734 ನಾಯಿಗಳ ದಾಖಲೆ ಇಟ್ಟುಕೊಂಡು 2024ರಲ್ಲಿ ಒಂದು ಅಧ್ಯಯನ ಬಂತು. ಅರ್ಧದಷ್ಟು ನಾಯಿಗಳು ದಾಟುವ ವಯಸ್ಸು ಎಷ್ಟು ಅಂತ ನೋಡಿದರೆ ಒಟ್ಟಾರೆ 12.5 ವರ್ಷ. ಸಣ್ಣ ಗಾತ್ರದ ಉದ್ದ ಮೂತಿಯ ಹೆಣ್ಣು ನಾಯಿಗಳಿಗೆ 13.3. ಆದರೆ ಗಾತ್ರದಲ್ಲಿ ಚಿಕ್ಕದಾದರೂ ಮೂತಿ ಚಪ್ಪಟೆಯಾದ ಫ್ರೆಂಚ್ ಬುಲ್‌ಡಾಗ್‌ಗೆ 9.8 ಮಾತ್ರ. 2003ರಲ್ಲಿ ಹಚ್ ಕಂಪನಿಯ ಜಾಹೀರಾತು ನೋಡಿ ದೇಶವೆಲ್ಲ ಪಗ್ ಹಿಂದೆ ಬಿತ್ತಲ್ಲ, ಆ ಮುದ್ದು ಮುಖವೂ ಇದೇ ಚಪ್ಪಟೆ ಮೂತಿಯ ಜಾತಿ. ಉಸಿರಾಡುವಾಗ ಅದು ಮಾಡುವ ಗೊರಗೊರ ಸದ್ದನ್ನು ನಾವು ಮುದ್ದು ಅಂತೀವಿ, ಅದಕ್ಕೆ ಅದು ಕಷ್ಟ. ಮಿಶ್ರ ತಳಿಯಾದರೆ ಹೆಚ್ಚು ಬಾಳುತ್ತದೆ ಎಂಬ ಮಾತನ್ನೂ ಆ ಅಧ್ಯಯನ ಎತ್ತಿಹಿಡಿಯಲಿಲ್ಲ. ಅದರಲ್ಲಿ ಮಿಶ್ರ ನಾಯಿಗಳಿಗೆ 12.0, ಶುದ್ಧ ತಳಿಗೆ 12.7 ಬಂದಿದೆ. ನಮ್ಮ ಊರ ನಾಯಿಗಳಂತೂ ಮುಪ್ಪಿನವರೆಗೆ ಬರುವುದೇ ಕಷ್ಟ. ಹೈವೇ ಲಾರಿ, ಡಿಸ್ಟೆಂಪರ್, ರೇಬೀಸ್, ಚಿರತೆ ಮೊದಲೇ ಬಂದುಬಿಡುತ್ತವೆ. ತಳಿ ಒಂದು ಮಿತಿ ಹಾಕಿಕೊಡುತ್ತದೆ. ಆ ಮಿತಿಯವರೆಗೆ ನಾಯಿ ತಲುಪಬೇಕೆಂದರೆ ಲಸಿಕೆ ಬೇಕು, ಗೇಟು ಬೇಕು, ನೋಡಿಕೊಳ್ಳುವ ಜನ ಬೇಕು.

ಈ ಇತಿಹಾಸದಲ್ಲಿ ಕರ್ನಾಟಕದ ಪಾಲು ಮುಧೋಳದ್ದು. ಎತ್ತರದಲ್ಲಿ ದೊಡ್ಡ ನಾಯಿಯೇ, ಭುಜದವರೆಗೆ ಸುಮಾರು 70 ಸೆಂ.ಮೀ. ತೂಕ ಮಾತ್ರ 22ರಿಂದ 28 ಕೆಜಿ. ಬಯಲಲ್ಲಿ ಮೊಲದ ಹಿಂದೆ ಓಡಿ ಓಡಿ ಸಣಕಲಾದ ಮೈ ಅದು. ಮುಧೋಳದ ದೊರೆ ಮಾಲೋಜಿರಾವ್ ಘೋರ್ಪಡೆ 20ನೇ ಶತಮಾನದ ಆರಂಭದಲ್ಲಿ ಈ ತಳಿಯನ್ನು ಬೆಳೆಸಿ, ಬ್ರಿಟನ್ನಿನ ಐದನೇ ಜಾರ್ಜ್ ದೊರೆಗೂ ಉಡುಗೊರೆ ಕೊಟ್ಟರು. 2005ರಲ್ಲಿ ಅಂಚೆಚೀಟಿ ಬಂತು, 2016ರಲ್ಲಿ ಸೇನೆ ತರಬೇತಿಗೆ ಮೀರತ್‌ಗೆ ಕರೆದೊಯ್ದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಹೆಸರು ಬಂದಿದೆ, ಬೇಡಿಕೆ ಏರಿದೆ. ಅಪಾಯವೂ ಇಲ್ಲೇ ಇದೆ. ಓಟಕ್ಕೆ ಆರಿಸಿದ ನಾಯಿಯನ್ನು ಇನ್ನು ಮುಂದೆ ಫೋಟೊಗೆ ಆರಿಸತೊಡಗಿದರೆ, ಬೇಡಿಕೆ ಪೂರೈಸಲು ನಾಲ್ಕೇ ನಾಯಿಗಳಿಂದ ಮರಿ ಮೇಲೆ ಮರಿ ಮಾಡಿಸಿದರೆ, ಇಂಗ್ಲೆಂಡ್ ನೂರೈವತ್ತು ವರ್ಷದಲ್ಲಿ ಮಾಡಿದ್ದನ್ನು ನಾವು ಇಪ್ಪತ್ತೇ ವರ್ಷದಲ್ಲಿ ಮಾಡಿ ಮುಗಿಸುತ್ತೇವೆ.

ಈಗಾಗಲೇ ಮನೆಯಲ್ಲಿ ಲ್ಯಾಬ್ ಇರುವವರಿಗೂ ಒಂದು ಮಾತು. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಹಾಕಿ ಜೀವನಪೂರ್ತಿ ಗಮನಿಸಿದ್ದರು. ಕಡಿಮೆ ತಿಂದವು 13 ವರ್ಷ ಬದುಕಿದರೆ ಜೊತೆಗಾರರು 11.2. ತಳಿ ಒಂದೇ, ಮನೆತನ ಒಂದೇ, ತಟ್ಟೆ ಮಾತ್ರ ಬೇರೆ. ಸುಮಾರು ಎರಡು ವರ್ಷದ ವ್ಯತ್ಯಾಸ! ಪಾಪ ಅಂತ ಹಾಕುವ ಬಿಸ್ಕೆಟ್ಟಿನ ಬೆಲೆ ಇದು.

ಇನ್ನು ಹೊಸದಾಗಿ ಮರಿ ತರುವ ಯೋಚನೆಯಿದ್ದರೆ, ಮಾರುವವರನ್ನು ಸರ್ಟಿಫಿಕೇಟ್ ಕೇಳುವ ಮೊದಲು ಮೂರು ವಿಷಯ ಕೇಳಿ. ಇದರ ಅಮ್ಮ ಎಲ್ಲಿದೆ, ನೋಡಬಹುದಾ? ಅಪ್ಪ ಅಮ್ಮನಿಗೆ ತಮ್ಮಲ್ಲೇ ರಕ್ತಸಂಬಂಧ ಇದೆಯಾ? ಇದರ ಅಜ್ಜ ಅಜ್ಜಿ ಎಷ್ಟು ವರ್ಷ ಬದುಕಿದವು, ಹೇಗೆ ಸತ್ತವು? ಮೂರನೇ ಪ್ರಶ್ನೆಗೆ ಉತ್ತರ ಬರದಿದ್ದರೆ, ಮರಿ ಎಷ್ಟೇ ಮುದ್ದಾಗಿದ್ದರೂ ಅವತ್ತು ಬರಿಗೈಲಿ ವಾಪಸ್ ಬನ್ನಿ.