ಲದ್ದಿ ಕಾಗದದ ಲೆಕ್ಕ

ಕಾಗದಕ್ಕೂ ಕಾಡುಪ್ರಾಣಿಗೂ ನಮ್ಮ ರಾಜ್ಯದಲ್ಲಿ ಹಳೆಯ ವ್ಯಾಜ್ಯವಿದೆ. 1936ರಲ್ಲಿ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಬಂತು, ಐವತ್ತರ ದಶಕದಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್. ಗಿರಣಿಗಳಿಗೆ ಬಿದಿರು ಬೇಕಿತ್ತು. ಆನೆಗೂ ಅದೇ ಬಿದಿರು ಬೇಕು. ಎಪ್ಪತ್ತರ ದಶಕದಲ್ಲಿ ಬುಟ್ಟಿ ಹೆಣೆಯುವ ಮೇದಾರರು ತಮಗೆ ಬಿದಿರೇ ಸಿಗುತ್ತಿಲ್ಲವೆಂದು ದೂರಿದಾಗ ಸರ್ಕಾರ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಿಗೆ ಅಧ್ಯಯನ ವಹಿಸಿತು. ಮೇದಾರರು ಪೇಟೆಯಲ್ಲಿ ಟನ್ನಿಗೆ ಸಾವಿರಕ್ಕೂ ಹೆಚ್ಚು ರೂಪಾಯಿ ಕೊಡುತ್ತಿದ್ದ ಬಿದಿರು ಶುರುವಿನಲ್ಲಿ ಗಿರಣಿಗೆ ಒಂದೂವರೆ ರೂಪಾಯಿಗೆ ಹೋಗುತ್ತಿತ್ತು ಎಂದು ಅವರು ಬರೆದಿದ್ದಾರೆ. ಅಷ್ಟು ಅಗ್ಗಕ್ಕೆ ಸಿಕ್ಕ ಮಾಲನ್ನು ಜೋಪಾನ ಮಾಡುವ ದರ್ದು ಯಾರಿಗಿರುತ್ತದೆ?

ಈ ಹಿನ್ನೆಲೆ ಗೊತ್ತಿದ್ದವರಿಗೆ, ‘ಈ ಕಾಗದ ಕೊಂಡರೆ ವನ್ಯಜೀವಿ ಉಳಿಯುತ್ತದೆ’ ಎಂದು ಹೇಳಿಕೊಳ್ಳುವ ನೋಟ್‌ಬುಕ್ಕು ಕೈಗೆ ಬಂದಾಗ ಖುಷಿಯ ಜೊತೆಗೆ ಸಣ್ಣ ಅನುಮಾನವೂ ಹುಟ್ಟಬೇಕು. ಆನೆ ಲದ್ದಿಯ ಕಾಗದ, ಘೇಂಡಾಮೃಗದ ಲದ್ದಿಯ ಕಾಗದ, ಹಿಮಾಲಯದ ಪೊದೆಯ ತೊಗಟೆಯ ಕಾಗದ, ಇವೆಲ್ಲ ಸುಮಾರು ಮೂವತ್ತು ವರ್ಷಗಳಲ್ಲಿ ಉಡುಗೊರೆ ಅಂಗಡಿಗಳ ಕಪಾಟು ಸೇರಿವೆ. ಹೇಳಿಕೆಗೂ ನಡೆದದ್ದಕ್ಕೂ ಎಷ್ಟು ತಾಳೆಯಾಗುತ್ತದೆ ಎಂದು ನೋಡುವುದು ಒಳ್ಳೆಯದು.

ಭಾರತದಲ್ಲಿ ಕೈಕಾಗದ ಮತ್ತೆ ಚಿಗುರಿದ್ದಕ್ಕೆ ಕಾಡು ಕಾರಣವಾಗಿರಲಿಲ್ಲ. ಗಾಂಧೀಜಿಯವರ ಅಖಿಲ ಭಾರತ ಗ್ರಾಮೋದ್ಯೋಗ ಸಂಘ 1934ರಲ್ಲಿ ಹುಟ್ಟಿತು. ಅದರ ಚುಕ್ಕಾಣಿ ಹಿಡಿದ ಜೆ.ಸಿ. ಕುಮಾರಪ್ಪ ವಾರ್ಧಾದಲ್ಲಿ ಕೈಕಾಗದವನ್ನೂ ಕೈಗೆತ್ತಿಕೊಂಡರು. ಗಿರಣಿ ಕಾಗದದ ಮುಂದೆ ಸೋತ ಕಾಗಜಿಗಳ, ಅಂದರೆ ಕೈಕಾಗದ ಕಸುಬಿನವರ, ಕೈಗೆ ಕೆಲಸ ಕೊಡುವುದು ಅಂದಿನ ಗುರಿ. 1940ರಲ್ಲಿ ಪುಣೆಯಲ್ಲಿ ಕೈಕಾಗದ ಸಂಸ್ಥೆ ಆರಂಭವಾಯಿತು. ಜೈಪುರದ ಬಳಿಯ ಸಾಂಗಾನೇರ್ ಈಗ ಈ ಉದ್ಯಮದ ದೊಡ್ಡ ಕೇಂದ್ರ, ಅಲ್ಲಿ ಕುಮಾರಪ್ಪನವರ ಹೆಸರಿನದೇ ರಾಷ್ಟ್ರೀಯ ಸಂಸ್ಥೆಯೂ ಇದೆ. ಹೊಲಿಗೆ ಕಾರ್ಖಾನೆಗಳ ಹತ್ತಿ ಚಿಂದಿಯೇ ಇಲ್ಲಿನ ಮುಖ್ಯ ಕಚ್ಚಾಮಾಲು. ಒಂದು ಮರವೂ ಬೀಳದೆ ಕಾಗದವಾಗುತ್ತದೆ ಎಂಬುದೇ ಅದರ ಮೊದಲ ಪರಿಸರ ಪುಣ್ಯ. ಆನೆಯ ಹೆಸರು ಆಗಿನ್ನೂ ಯಾರ ಬಾಯಲ್ಲೂ ಇರಲಿಲ್ಲ.

ಆನೆ ಬಂದದ್ದು ತೊಂಬತ್ತರ ದಶಕದಲ್ಲಿ. ಕೀನ್ಯಾದ ಕ್ವಾಲೆ ಪ್ರದೇಶದಲ್ಲಿ, ಶಿಂಬಾ ಗುಡ್ಡಗಳ ಪಕ್ಕ, ಬೆಳೆ ತಿನ್ನುವ ಆನೆಗಳ ಜೊತೆ ಗುದ್ದಾಡಿ ಸಾಕಾದ ರೈತರು ತಮ್ಮ ಜಮೀನನ್ನು ಒಟ್ಟುಗೂಡಿಸಿ ಆನೆಗೇ ಬಿಟ್ಟುಕೊಟ್ಟರು. 1995ರಲ್ಲಿ ಹೀಗೆ ಮ್ವಾಲುಗಾಂಜೆ ಅಭಯಾರಣ್ಯ ಹುಟ್ಟಿತು. ಪ್ರವಾಸಿಗರ ಶುಲ್ಕದಲ್ಲಿ ಜಮೀನಿನವರಿಗೆ ಪಾಲು. ಜೊತೆಗೆ ಲದ್ದಿಯಿಂದ ಮಾಡಿದ ಕಾಗದದ ಮಾರಾಟ. ಈ ಕಥೆಗಳಲ್ಲೆಲ್ಲ ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ. ಇಲ್ಲಿ ಆನೆಯಿಂದ ನಷ್ಟ ಅನುಭವಿಸಿದವನಿಗೂ ಆನೆಯಿಂದ ದುಡ್ಡು ಪಡೆಯುವವನಿಗೂ ನಡುವೆ ಬೇಲಿ ಇಲ್ಲ, ಇಬ್ಬರೂ ಒಬ್ಬನೇ.

ಶ್ರೀಲಂಕಾದ ಮ್ಯಾಕ್ಸಿಮಸ್ ಕಂಪನಿ 1997ರಲ್ಲಿ ಕೇಗಾಲೆಯ ಬಳಿ ಶುರುವಾಯಿತು. ಹತ್ತಿರದಲ್ಲೇ ಪಿನ್ನವಾಲದ ಆನೆ ಅನಾಥಾಲಯ ಇದ್ದುದರಿಂದ ಲದ್ದಿಗೆ ಬರವಿರಲಿಲ್ಲ. 2006ರಲ್ಲಿ ಬಿಬಿಸಿಯ ವರ್ಲ್ಡ್ ಚಾಲೆಂಜ್ ಪ್ರಶಸ್ತಿ ಸಿಕ್ಕ ಮೇಲೆ ಲದ್ದಿ ಕಾಗದ ಜಗತ್ತಿಗೆಲ್ಲ ಪರಿಚಯವಾಯಿತು. ರೈತ ಗುಂಡಿಕ್ಕುವ ಆನೆಯೇ ಅನ್ನ ಕೊಡುವಂತಾದರೆ ಅವನು ಬಂದೂಕು ಕೆಳಗಿಡುತ್ತಾನೆ ಎಂಬುದು ಅವರ ವಾದ. ವಾದ ಚೆನ್ನಾಗಿದೆ. ಆದರೆ ಕಾಡಾನೆ ಹಾವಳಿ ತೀವ್ರವಾಗಿರುವುದು ಅನುರಾಧಪುರ, ಪೊಲೊನ್ನರುವದಂಥ ಒಣ ಸೀಮೆಯಲ್ಲಿ; ಕೇಗಾಲೆ ಮಳೆಯ ಸೀಮೆ. ಪಿನ್ನವಾಲದ ಆನೆಗಳ ಲದ್ದಿಯಿಂದ ಅಲ್ಲಿ ನಾಲ್ಕು ಮನೆಗೆ ಉದ್ಯೋಗ ಸಿಕ್ಕರೆ ಸಂತೋಷವೇ. ಅದರಿಂದ ಒಣ ಸೀಮೆಯ ಭತ್ತದ ಗದ್ದೆಗೆ ನುಗ್ಗುವ ಆನೆಯ ಮೇಲಿನ ಸಿಟ್ಟು ತಾನಾಗಿ ಇಳಿಯುವುದಿಲ್ಲ.

ಜೈಪುರದ ಹಾಥಿ ಛಾಪ್‌ಗೂ ಇದೇ ಮಾತು ಅನ್ವಯಿಸುತ್ತದೆ. ಮಹಿಮಾ ಮೆಹ್ರಾ ಮತ್ತು ವಿಜೇಂದ್ರ ಶೇಖಾವತ್ 2003ರಲ್ಲಿ ಅದನ್ನು ಆರಂಭಿಸಿದರು. ಆಮೇರ್ ಕೋಟೆಯ ಸವಾರಿ ಆನೆಗಳ ಲದ್ದಿಯೇ ಬಂಡವಾಳ. ತಿಪ್ಪೆಗೆ ಹೋಗುತ್ತಿದ್ದದ್ದು ಮಾಲಾಯಿತು, ಸೊಗಸಾದ ಪುಸ್ತಕಗಳಾದವು. ಆದರೆ ಅವು ಸಾಕಾನೆಗಳು, ಸವಾರಿಯ ಬಗ್ಗೆಯೇ ಪ್ರಾಣಿಪ್ರಿಯರ ತಕರಾರಿದೆ. ಅದನ್ನು ತ್ಯಾಜ್ಯ ನಿರ್ವಹಣೆ ಎನ್ನೋಣ, ಕುಶಲ ಕಲೆ ಎನ್ನೋಣ. ವನ್ಯಜೀವಿ ಸಂರಕ್ಷಣೆ ಎಂದರೆ ಮಾತು ದೊಡ್ಡದಾಯಿತು. ಥಾಯ್ಲೆಂಡಿನ ಚಿಯಾಂಗ್ ಮಾಯ್, ಲಂಪಾಂಗ್‌ಗಳಲ್ಲೂ ಇಂಥ ಕಾಗದ ಬಂತು. ಚೀನಾದ ಚೆಂಗ್ಡುವಿನಲ್ಲಿ ಪಾಂಡಾದ ಲದ್ದಿಯೂ ಕಾಗದವಾಯಿತು, ಅದು ಬಹುಪಾಲು ಸ್ಮರಣಿಕೆಯ ವ್ಯಾಪಾರ.

ಆನೆಯೇ ಯಾಕೆ? ಆನೆ ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ತಿಂದರೂ ಅದರಲ್ಲಿ ಅರ್ಧದಷ್ಟನ್ನೂ ಜೀರ್ಣಿಸಿಕೊಳ್ಳುವುದಿಲ್ಲ. ದನದಂತೆ ಮೆಲುಕು ಹಾಕುವ ಹೊಟ್ಟೆ ಅದಕ್ಕಿಲ್ಲ, ನಾರು ಉದ್ದುದ್ದವಾಗಿಯೇ ಹೊರಬೀಳುತ್ತದೆ. ಲದ್ದಿಯನ್ನು ತೊಟ್ಟಿಗೆ ಹಾಕಿ ನೀರು ಬದಲಿಸುತ್ತ ಬದಲಿಸುತ್ತ ತೊಳೆದರೆ ಕೊನೆಗೆ ಒಣಹುಲ್ಲಿನ ಬಣ್ಣದ ನಾರಷ್ಟೇ ಉಳಿಯುತ್ತದೆ. ತೊಳೆದ ನೀರು ಹೊಲಕ್ಕೆ ಗೊಬ್ಬರ. ಆ ನಾರನ್ನು ಸೋಡಾ ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ. ಕ್ರಿಮಿ ಸಾಯುತ್ತದೆ, ವಾಸನೆ ಹೋಗುತ್ತದೆ, ನಾರು ಮೆತ್ತಗಾಗುತ್ತದೆ. ಆಮೇಲೆ ಹಾಲೆಂಡರ್ ಯಂತ್ರದಲ್ಲಿ ಅರೆದು, ಸಾಮಾನ್ಯವಾಗಿ ರದ್ದಿ ಕಾಗದದ ಅಥವಾ ಹತ್ತಿ ಚಿಂದಿಯ ತಿರುಳು ಬೆರೆಸಿ, ನೀರಿನ ತೊಟ್ಟಿಯಲ್ಲಿ ತೇಲಿಸಿ, ಜರಡಿಯ ಚೌಕಟ್ಟು ಅದ್ದಿ ಎತ್ತುತ್ತಾರೆ. ಎತ್ತುವಾಗ ಚೌಕಟ್ಟನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಕುಲುಕುವ ಕೈಚಳಕದಲ್ಲೇ ಹಾಳೆಯ ಹದವಿದೆ. ಸಿದ್ಧವಾದ ಹಾಳೆಯನ್ನು ಬೆಳಕಿಗೆ ಹಿಡಿದರೆ ಹುಲ್ಲಿನ ಎಳೆಗಳು ಕಾಣುತ್ತವೆ. ಮೂಗಿಗೆ ಏನೂ ತಾಕುವುದಿಲ್ಲ.

ಅಸ್ಸಾಮಿನ ಎಲ್‌ರೈನೊ ಎಂಬ ಕಾಗದ ಕಂಪನಿ ಈ ಸಾಲಿಗೆ ಘೇಂಡಾಮೃಗವನ್ನು ಸೇರಿಸಿತು. ಘೇಂಡಾಮೃಗ ಬಂದು ಬಂದು ಒಂದೇ ಜಾಗದಲ್ಲಿ ಲದ್ದಿ ಹಾಕುವ ಪ್ರಾಣಿ, ಹಾಗಾಗಿ ರಾಶಿ ಹುಡುಕಿ ಅಲೆಯಬೇಕಾಗಿಲ್ಲ. ಕಾಡಂಚಿನ ಹಳ್ಳಿಯವರಿಗೆ ಒಂದಿಷ್ಟು ಗಳಿಕೆ. ಅಸ್ಸಾಮಿನಲ್ಲಿ 2022ರಲ್ಲಿ ಒಂದು ಘೇಂಡಾಮೃಗವೂ ಕಳ್ಳಬೇಟೆಗೆ ಬಲಿಯಾಗಲಿಲ್ಲ. ಆ ಶ್ರೇಯವೇನಿದ್ದರೂ ರಾತ್ರಿ ಹಗಲು ಕಾವಲು ಕಾದವರದು, ಕಾಗದಕ್ಕೆ ಅದರಲ್ಲಿ ಪಾಲು ಕೊಡಲು ನಾನು ತಯಾರಿಲ್ಲ.

ಲದ್ದಿಯಷ್ಟು ಸುದ್ದಿಯಾಗದ ನೇಪಾಳದ ಲೋಕ್ತಾ ಕಾಗದದ ಲೆಕ್ಕ ಬೇರೆಯೇ. ಲೋಕ್ತಾ ಎತ್ತರದ ಕಾಡಿನಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಪೊದೆ. ಬುಡ ಉಳಿಸಿ ಕಡಿದರೆ ಕೆಲವೇ ವರ್ಷಗಳಲ್ಲಿ ಮತ್ತೆ ಚಿಗುರುತ್ತದೆ. ಎಂಬತ್ತರ ದಶಕದಲ್ಲಿ ಯುನಿಸೆಫ್ ತನ್ನ ಶುಭಾಶಯ ಪತ್ರಗಳಿಗೆ ಇದನ್ನು ಬಳಸಿ ಭಕ್ತಪುರದಲ್ಲಿ ಉದ್ಯಮ ಕಟ್ಟಿದ ಮೇಲೆ ಅದಕ್ಕೆ ಜೀವ ಬಂತು. ಈಗ ಸಮುದಾಯ ಅರಣ್ಯಗಳ ಬಳಕೆದಾರರು ತೊಗಟೆ ಕೀಳುತ್ತಾರೆ. ಮೇಲಿನ ಮರ ಉಳಿದರೆ ನೆರಳು, ನೆರಳಿದ್ದರೆ ಪೊದೆ, ಪೊದೆಯಿದ್ದರೆ ಸಂಪಾದನೆ. ಕಾಡು ನಿಂತಿರಬೇಕೆಂಬ ಷರತ್ತು ಆ ವ್ಯಾಪಾರದೊಳಗೇ ಇದೆ. ತೊಗಟೆ ಬೇಯಿಸಲು ಸೌದೆ ಸುಡುವುದು ಅದರ ಕೊರತೆ.

ನಮ್ಮಲ್ಲಿಗೆ ಬರೋಣ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿವೆ. ಹಾಗಾದರೆ ನಾವೂ ಕಾಡಿನ ಲದ್ದಿ ಬಾಚಿ ಕಾಗದ ಮಾಡಬಾರದೇಕೆ ಎನ್ನುವವರು ಬಂಡೀಪುರದ ಕಥೆ ಓದಬೇಕು. ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಾಫಿಗೆ ಬೆಲೆ ಏರಿದಾಗ ತೋಟಗಳಿಂದ ಸಗಣಿಗೆ ಬೇಡಿಕೆ ಬಂತು. ಕಾಡಂಚಿನ ಹಳ್ಳಿಗಳಲ್ಲಿ ಸಗಣಿ ಮಾರುವ ಸಲುವಾಗಿಯೇ ದನ ಹೆಚ್ಚಿದವು, ಅವು ಮೇಯ್ದದ್ದು ಬಂಡೀಪುರದ ಕಾಡನ್ನು. ಸಗಣಿಗೆ ಬೆಲೆ ಬಂದದ್ದರಿಂದ ಪೆಟ್ಟು ಬಿದ್ದದ್ದು ಕಾಡಿನ ಹುಲ್ಲಿಗೆ. ಇನ್ನು ಕಾಡಾನೆಯ ಲದ್ದಿಯಲ್ಲಿ ಮೊಳೆಯಲು ಸಿದ್ಧವಾದ ಬೀಜಗಳಿರುತ್ತವೆ, ಸಗಣಿ ಹುಳುಗಳ ಸಂಸಾರವಿರುತ್ತದೆ. ಅದನ್ನು ಹೊರಗೆ ಸಾಗಿಸುವುದು ಕಾಡಿನ ಬಾಯಿಂದ ತುತ್ತು ಕಸಿದಂತೆ. ಆನೆ ಶಿಬಿರಗಳಲ್ಲಿ ಬೀಳುವ ಲದ್ದಿಯ ಮಾತು ಬೇರೆ.

ಅದಕ್ಕಿಂತ ವಾಸಿಯಾದ ದಾರಿಯ ಸುಳಿವು ಮಲೆ ಮಹದೇಶ್ವರ ಬೆಟ್ಟದಲ್ಲಿದೆ. ಅಲ್ಲಿ ಏಟ್ರೀ ಸಂಸ್ಥೆಯಿಂದ ತರಬೇತಿ ಪಡೆದ ಸೋಲಿಗರು ಕಾಡನ್ನು ನುಂಗುತ್ತಿರುವ ಲಂಟಾನವನ್ನು ಕಡಿದು ಪೀಠೋಪಕರಣ ಮಾಡುತ್ತಾರೆ. ಅದು ಕಾಗದವಲ್ಲ, ನಿಜ. ಆದರೆ ಕಚ್ಚಾಮಾಲು ತೆಗೆದಷ್ಟೂ ಕಾಡಿಗೆ ಲಾಭ, ಕೂಲಿ ಕಾಡಿನವರಿಗೇ. ಕೈಕಾಗದದವರು ಕಲಿಯಬೇಕಾದ ಪಾಠ ಅಷ್ಟೇ. ಬೇರೆ ದೇಶದಲ್ಲಿ ಕಳೆಯಿಂದಲೇ ಕಾಗದ ಮಾಡುವ ಪ್ರಯತ್ನಗಳೂ ನಡೆದಿವೆ. ಸ್ಲೊವೇನಿಯಾದ ಲ್ಯುಬ್ಲಿಯಾನಾ ನಗರ ಹೊರಗಿನಿಂದ ಬಂದು ಹಬ್ಬಿದ ಜಪಾನಿ ನಾಟ್‌ವೀಡ್ ಕಳೆಯಿಂದ ಕಾಗದ ತಯಾರಿಸಿ ತೋರಿಸಿತು.

ಮುಂದಿನ ಬಾರಿ ಆನೆ ಚಿತ್ರವಿರುವ ನೋಟ್‌ಬುಕ್ಕು ಕೊಳ್ಳುವಾಗ ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಲದ್ದಿ ಎಲ್ಲಿಯದು, ದುಡ್ಡು ಯಾರ ಊರಿಗೆ ಹೋಗುತ್ತದೆ? ಉತ್ತರ ಬಂದರೆ ದುಬಾರಿಯಾದರೂ ಕೊಳ್ಳಿ. ಬರದಿದ್ದರೆ, ಕಾಗದ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕೊಳ್ಳಿ. ಆನೆಯನ್ನು ಉಳಿಸಿದೆವೆಂದು ಮಾತ್ರ ಹೇಳಿಕೊಳ್ಳಬೇಡಿ.